ಹನ್ನೆರಡನೆಯ ಕಲ್ಲು

ಇದು ನಡೆದದ್ದು ೧೯೪೯ರ ಮಾರ್ಚಿನಲ್ಲಿ. ಪೊಲೀಸ್ ಆ್ಯಕ್ಷನ್ ಆಗಿ ಆರು ತಿಂಗಳಾಗಿತ್ತು. ನಡೆದದ್ದು ನಮ್ಮ ಸೋದರತ್ತೆಯ ಮಗ ಮನ್ಮಥಪ್ಪನಿಗೆ. ಊರು ಔರಾದ ಹತ್ತಿರದ ಸಂತಪುರ. ಬೀದರದಲ್ಲಿ ಸಾಲೆಯ ಮಾಸ್ತರ. ಮಂಗಲಪೇಟೆ ಕಡೆ ಒಂದು ಖೋಲಿ ಹಿಡಿದು ಒಬ್ಬನೇ ಇದ್ದ.

ಆ ರಾತ್ರಿ ಅವನು ಚೌಬಾರದ ಹತ್ತಿರದ ಮಡೆಪ್ಪ ಸಾವಕಾರರ ಛಾಪಖಾನೆಯಿಂದ ಖೋಲಿಗೆ ಹೊರಟಿದ್ದ. ಕೈಯಲ್ಲಿ ಕಂದೀಲು. ಬಗಲಲ್ಲಿ ಬಟ್ಟೆ ಸುತ್ತಿದ ಒಂದು ಸುರುಳಿ. ದಾರಿಯಲ್ಲೊಂದು ಆಲದ ಮರ, ಮರದ ಬುಡಕ್ಕೆ ಹಾಳು ಬಾವಿ. ಬೇರು ಕಟ್ಟೆ ಒಡೆದು ಒಳಗೆ ಇಳಿದಿತ್ತು. ಸೇದುವವರು ಇರಲಿಲ್ಲ, ಆದರೆ ನೀರಿತ್ತು. ಹಗಲಿನಲ್ಲಿ ಯಾರಾದರೂ ಹಳ್ಳುಕಲ್ಲು ಎಸೆದರೆ ‘ಗುಡುಂ’ ಅನ್ನುವುದು ರಸ್ತೆಗೆ ಕೇಳುತ್ತಿತ್ತು.

ಮನ್ಮಥಪ್ಪ ಕಟ್ಟೆಯ ಹತ್ತಿರ ನಿಂತ. ಹಿಂದೆ ನೋಡಿದ. ಮುಂದೆ ನೋಡಿದ. ಯಾರೂ ಇಲ್ಲ. ಬಗಲಿನ ಸುರುಳಿ ತೆಗೆದು ಬಾವಿಯೊಳಗೆ ಬಿಟ್ಟ.

ಕಿವಿಗೊಟ್ಟ.

ಸದ್ದು ಬರಲಿಲ್ಲ...

ಇನ್ನೂ ಸ್ವಲ್ಪ ಹೊತ್ತು ನಿಂತ. ಬಿದ್ದದ್ದು ನೀರು ಮುಟ್ಟಲೇ ಇಲ್ಲ.

ಆ ಸುರುಳಿಯಲ್ಲಿ ಇದ್ದದ್ದು ಹನ್ನೊಂದು ಹಾಳೆ. ಭಾಲ್ಕಿಯ ನರಸಿಂಗರಾವ ಬರೆದ ಮಕ್ಕಳ ಪಾಠದ ಪುಸ್ತಕ. ನರಸಿಂಗರಾವ ಸತ್ತು ಎಂಟು ತಿಂಗಳಾಗಿತ್ತು. ಸತ್ತವನ ಹಾಳೆಯನ್ನು ಬಾವಿಗೆ ಯಾಕೆ ಹಾಕಿದ ಎಂದು ತಿಳಿಯಬೇಕಾದರೆ, ಮಡೆಪ್ಪನವರ ಗಾದಿಯ ವಿಷಯ ಹೇಳಬೇಕು.

ಮಡೆಪ್ಪನವರದು ಮುಂದೆ ಅಂಗಡಿ, ಹಿಂದೆ ಛಾಪಖಾನೆ. ಅಂಗಡಿಯಲ್ಲಿ ಪಾಟಿ, ಬಳಪ, ಪಂಚಾಂಗ. ಹಿಂದೆ ಕಲ್ಲಿನ ಮೇಲೆ ಪುಸ್ತಕ ಛಾಪುವ, ಅಂದರೆ ಅಚ್ಚು ಹಾಕುವ, ಕೆಲಸ. ಅವರಲ್ಲಿ ಕನ್ನಡದ ಅಚ್ಚಿನ ಮೊಳೆ ಇರಲಿಲ್ಲ. ಉರ್ದು ಪುಸ್ತಕಕ್ಕಾದರೆ ಬರೆದುಕೊಡುವ ಕಾತಿಬರು ಇದ್ದರು. ಕನ್ನಡಕ್ಕೆ ಯಾರೂ ಇಲ್ಲ. ಹಾಗಾಗಿ ಪುಸ್ತಕ ಬರೆದವನೇ ಜಿಡ್ಡಿನ ಮಸಿಯಲ್ಲಿ ಹಳದಿ ಕಾಗದದ ಮೇಲೆ ದುಂಡಗೆ ಬರೆದುಕೊಡಬೇಕು. ಅದನ್ನು ಛಾಪಖಾನೆಯ ಕೆಲಸಗಾರ ಅಬ್ದುಲ ಗಫೂರ ಒದ್ದೆ ಮಾಡಿ ಕಲ್ಲಿನ ಮೇಲೆ ಒತ್ತುತ್ತಿದ್ದ. ಅಕ್ಷರಗಳು ಕಾಗದ ಬಿಟ್ಟು ಕಲ್ಲಿಗೆ ಇಳಿಯುತ್ತಿದ್ದವು. ಆಮೇಲೆ ಮಸಿಯ ಉರುಳೆ ಆಡಿಸಿ ಬೇಕಾದಷ್ಟು ಪ್ರತಿ. ಪುಸ್ತಕ ಮುಗಿದ ಮೇಲೆ ಒದ್ದೆ ಮರಳು ಹಾಕಿ ಕಲ್ಲಿಗೆ ಕಲ್ಲು ತಿಕ್ಕಿದರೆ ಹಳೆಯ ಅಕ್ಷರ ಹೋಗುತ್ತದೆ. ಕಲ್ಲು ಇನ್ನೊಬ್ಬರದಾಗುತ್ತದೆ.

ಹಾಗೆ ತಿಕ್ಕುವ ಮುಂಚೆ ಪ್ರತಿ ಕಲ್ಲಿನಿಂದ ಕೊನೆಯದೊಂದು ಹಾಳೆ ತೆಗೆದು ಬರೆದವರ ಮನೆಗೆ ಮುಟ್ಟಿಸುವುದು ಮಡೆಪ್ಪನವರ ತಂದೆಯ ಕಾಲದಿಂದ ನಡೆದು ಬಂದ ಪದ್ಧತಿ. “ಕಲ್ಲ ನಮ್ಮದು, ಅಕ್ಷರ ಅವರದು” ಎನ್ನುತ್ತಿದ್ದರು.

ನರಸಿಂಗರಾವ ಭಾಲ್ಕಿಯಿಂದ ರೈಲಿನಲ್ಲಿ ಬರುತ್ತಿದ್ದ. ಅವನು ಬಂದರೆ ಮಡೆಪ್ಪನವರು ಗಾದಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡುತ್ತಿದ್ದರು. ಕಪ್ಪು-ಬಸಿಯಲ್ಲಿ ಚಹಾ. ಮನ್ಮಥಪ್ಪ ಹೋದರೆ ಕೂಡಲು ಚಪ್ಪಲಿ ಬಿಡುವ ಕಡೆಯ ಮರದ ಬಾಕು. ಗ್ಲಾಸಿನಲ್ಲಿ ಚಹಾ. ಅದೇ ಚಹಾ, ಅದೇ ಸಕ್ಕರೆ. ಆದರೂ ಮನ್ಮಥಪ್ಪನಿಗೆ ಅದು ಇಳಿಯುತ್ತಿರಲಿಲ್ಲ.

ಒಮ್ಮೆ ಅವನು ತಾನು ಬರೆದ ಪಾಠಗಳನ್ನು ಸಾವಕಾರರ ಮುಂದೆ ಇಟ್ಟ. ಅವರು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

“ಮಾಸ್ತರ್ರ, ಇವು ಅಕ್ಷರೋ ಚೇಳೋ? ಹಾಳಿ ಮ್ಯಾಲ ಹರದಾಡಕತ್ಯಾವ. ಇವಕ್ಕ ಕಲ್ಲ ಮ್ಯಾಲ ಒತ್ತಿದರ ಕಲ್ಲಿಗೀ ಕಡೀತಾವ.”

ಗಾದಿಯ ಮೇಲಿದ್ದ ನರಸಿಂಗರಾವ ನಕ್ಕ. ನಕ್ಕು, ಹಾಳೆ ಇಸಿದುಕೊಂಡು ಓದಿದ. “ನಗಬಾರದು ಸಾವಕಾರ್ರ. ಅಕ್ಷರ ಹ್ಯಾಂಗರೆ ಇರಲಿ, ಪಾಠ ಛಲೋ ಅವ” ಎಂದ.

ಮಡೆಪ್ಪ ಬೈದದ್ದನ್ನು ಮನ್ಮಥಪ್ಪ ಮರೆತ. ನರಸಿಂಗರಾವ ಹೊಗಳಿದ್ದನ್ನು ಮರೆಯಲಿಲ್ಲ. ಗಾದಿಯ ಮೇಲೆ ಕೂತು ಬಾಕಿನ ಕಡೆ ಎಸೆದ ಮಾತು ಅದು.

ಆಮೇಲೆ ರಜಾಕಾರರ ಗದ್ದಲ ಹೆಚ್ಚಾಯಿತು. ನರಸಿಂಗರಾವ ಗಡಿ ದಾಟಿ ಸೊಲ್ಲಾಪುರ ಕಡೆಯ ಒಂದು ಶಿಬಿರಕ್ಕೆ ಹೋದ. ಅಲ್ಲಿ ಜ್ವರ ಬಂದು ತೀರಿಕೊಂಡ. ಹೋಗುವ ಮುಂಚೆ ಹನ್ನೊಂದು ಕಲ್ಲಿಗಾಗುವಷ್ಟು ಪಾಠ ಬರೆದು ಕೊಟ್ಟಿದ್ದ. ಹನ್ನೆರಡನೆಯದು, ಕಡೆಯ ಪಾಠ, ಬರೆದಿರಲಿಲ್ಲ. ಛಾಪಖಾನೆಯಲ್ಲಿ ಇದ್ದದ್ದೇ ಹನ್ನೆರಡು ಕಲ್ಲು. ಜರ್ಮನಿಯಿಂದ ಬರುವ ಕಲ್ಲು. ಯುದ್ಧ ಸುರುವಾದ ಮೇಲೆ ಹೊಸದು ಬಂದಿರಲಿಲ್ಲ. ಹನ್ನೊಂದು ಕಲ್ಲು ನರಸಿಂಗರಾವನ ಅಕ್ಷರ ಹೊತ್ತು ಗೋಡೆಗೆ ಒರಗಿ ನಿಂತಿದ್ದವು. ಒಂದು ಬರಿದಾಗಿತ್ತು.

ಪೊಲೀಸ್ ಆ್ಯಕ್ಷನ್ ಆಯಿತು. ಕನ್ನಡ ಸಾಲೆ ತೆರೆಯುವ ಮಾತು ಬಂತು. ಮನ್ಮಥಪ್ಪ ತನ್ನ ಕಟ್ಟು ತೆಗೆದುಕೊಂಡು ಹೋದ.

“ಸಾವಕಾರ್ರ, ಜೂನಿಗಿ ಕನ್ನಡ ಸಾಲಿ ಸುರು ಆಗ್ತಾವ. ಪುಸ್ತಕ ಬೇಕಾಗ್ತಾವ. ನಂದು ತಯಾರದ.”

“ಕಲ್ಲ ಎಲ್ಲವರಿ? ಹನ್ನೊಂದರ ಮ್ಯಾಲ ನರಸಿಂಗರಾವ ಕುಂತಾರ.”

“ಸತ್ತವರು ಎಷ್ಟ ದಿನ ಕೂಡ್ತಾರ್ರಿ?”

ಮಡೆಪ್ಪ ಕಣ್ಣೆತ್ತಿ ನೋಡಿದರು. “ಮಾತ ಬಿರಸಾತು, ಮಾಸ್ತರ್ರ.”

ಆಮೇಲೆ ತಾವೇ ಅಂದರು. “ಒಂದ ಕೆಲಸ ಮಾಡ್ರಿ. ಕಡೀ ಪಾಠ ಒಂದೇ ಬಾಕಿ ಅದ. ಅದಿಷ್ಟು ನೀವ ಬರದ ಕೊಡ್ರಿ. ಕಾಗದ ಒಂದೇ ಪುಸ್ತಕಕ್ಕ ಸಿಕ್ಕದ. ಈ ವರ್ಷ ಅವರದು ಹೊರಗ ಬರಲಿ. ಬರೂ ವರ್ಷ ನಿಮ್ಮದು.”

“ಅದರಾಗ ನನ್ನ ಹೆಸರ ಹಾಕ್ತೀರೇನು?”

“ಒಂದ ಪಾಠಕ್ಕ ಏನ ಹೆಸರ್ರಿ?”

“ಹಂಗಾದರ ನಾ ಒಲ್ಲೆ. ಇನ್ನೊಬ್ಬರ ಪುಸ್ತಕಕ್ಕ ಬಾಲ ಆಗಲಿಕ್ಕ ನಾ ಬರದಿಲ್ಲ.”

ಮಡೆಪ್ಪ ಶಿವರಾತ್ರಿಯ ತನಕ ಕಾದರು. ಬೇರೆ ಯಾರೂ ಸಿಗಲಿಲ್ಲ. ಸಾಲೆ ತೆರೆಯುವ ದಿನ ಹತ್ತಿರ ಬಂತು. ಕಡೆಗೆ ಮನ್ಮಥಪ್ಪನ ಪುಸ್ತಕ ಛಾಪಲು ಒಪ್ಪಿದರು. ಗಫೂರ ಹನ್ನೊಂದು ಕಲ್ಲಿನಿಂದ ಒಂದೊಂದು ಹಾಳೆ ತೆಗೆದು ಇಟ್ಟ. ಆಮೇಲೆ ಮರಳು ಚೆಲ್ಲಿ, ನೀರು ಹಾಕಿ ತಿಕ್ಕಲು ಕೂತ. ಮನ್ಮಥಪ್ಪನೂ ಅಂಗಿಯ ತೋಳು ಮಡಚಿ ಎದುರಿಗೆ ಕೂತ. ಸಾವಕಾರರ ಮನಸ್ಸು ತಿರುಗುವ ಮುಂಚೆ ಮುಗಿಯಬೇಕು.

ಘರ್... ಘರ್... ಘರ್...

“ಮೆಲ್ಲಗ, ಮಾಸ್ತರ ಸಾಬ,” ಎಂದ ಗಫೂರ. “ನರಸಿಂಗರಾವ ಸಾಬ ಇಲ್ಲಿ ಕುಂತರ ಹಿಂಗೇ ಅಂತಿದ್ರು. ಮೆಲ್ಲಗ ತಿಕ್ಕೋ ಗಫೂರ, ಕಲ್ಲಿಗಿ ಗೊತ್ತಾಗ್ತದ ಅಂತ.”

ಮನ್ಮಥಪ್ಪ ಇನ್ನೂ ಒತ್ತಿ ತಿಕ್ಕಿದ.

ಕತ್ತಲಾಗುವ ಹೊತ್ತಿಗೆ ಕಡೆಯ ಅಕ್ಷರ ಹೋಯಿತು. ಮಡೆಪ್ಪನವರು ಹಾಳೆಗಳನ್ನು ಎಣಿಸಿ, ಬಟ್ಟೆಯಲ್ಲಿ ಸುತ್ತಿದರು. “ಸೂಟಿ ದಿನ ಭಾಲ್ಕಿಗಿ ಹೋಗಿ ನರಸಿಂಗರಾವರ ಹೆಣ್ತಿ ಭಾಗೀರಥಿಬಾಯಿ ಕೈಯಾಗ ಕೊಟ್ಟ ಬರ್ರಿ. ನೀವೇ ಹೋದರ ಛಲೋ.” ಹೇಳುತ್ತ ಮೇಲಿನ ಹಾಳೆಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದರು. ಕೂಸಿನ ಹಣೆ ಸವರಿದ ಹಾಗೆ.

ಮನ್ಮಥಪ್ಪ ಆ ಹೆಬ್ಬೆರಳನ್ನು ನೋಡಿದ. ಬಾವಿಯ ತನಕ ಅವನ ಕಣ್ಣ ಮುಂದೆ ಇದ್ದದ್ದು ಅದೇ.

ಹೀಗೆ ಅವನು ಸುರುಳಿ ಎಸೆದದ್ದು. ಸದ್ದು ಬಾರದೆ ಇದ್ದದ್ದು.

ಬೇರಿಗೆ ಸಿಕ್ಕಿರಬೇಕು ಅಂದುಕೊಂಡ. ಕಂದೀಲು ಎತ್ತಿ ಹೊರಟ. ಆಲದ ನೆರಳು ದಾಟಿರಲಿಲ್ಲ... ಹಿಂದಿನಿಂದ ಕೇಳಿತು.

ಘರ್...

ನಿಂತ.

ಘರ್... ಘರ್...

ಕಲ್ಲಿನ ಮೇಲೆ ಕಲ್ಲು. ನಡುವೆ ಒದ್ದೆ ಮರಳು. ಇಡೀ ದಿನ ಕೇಳಿದ ಸದ್ದು, ತಪ್ಪಲು ಸಾಧ್ಯವಿರಲಿಲ್ಲ. ಮರಳು ಸಣ್ಣಗಾದಂತೆ ಸದ್ದೂ ಸಣ್ಣಗಾಯಿತು. ಸುಯ್... ಸುಯ್... ಆಮೇಲೆ ಯಾರೋ ಚೊಂಬಿನಿಂದ ನೀರು ಸುರಿದರು. ಬಾವಿಯ ತಳದಲ್ಲಿ.

“ಯಾರ್ರಿ?” ಎಂದ.

ಸದ್ದು ನಿಂತಿತು. ಎಲೆ ಅಲುಗಲಿಲ್ಲ. ಆಗ ಅವನ ಹೆಗಲಿನ ಎತ್ತರದಲ್ಲಿ, ಬಲಗಡೆ, ಯಾರೋ ಪಿಸುಗುಟ್ಟಿದರು.

“ಮೆಲ್ಲಗ...”

ಖೋಲಿಗೆ ಹೇಗೆ ಮುಟ್ಟಿದ ಎಂಬುದು ಅವನಿಗೆ ನೆನಪಿಲ್ಲ. ಚಪ್ಪಲಿ ಒಂದೇ ಇತ್ತು.

ಸಾಲೆಗೆ ರಜೆಯಿದ್ದ ಸೂಟಿಯ ದಿನ ಭಾಲ್ಕಿಗೆ ಹೋಗಲಿಲ್ಲ. ಖೋಲಿಯ ಬಾಗಿಲು ಹಾಕಿಕೊಂಡು ಒಳಗೇ ಇದ್ದ. ಮರುದಿನ ಅಂಗಡಿಗೆ ಹೋದ.

“ಮುಟ್ಟಿಸಿದ್ರೇನು?”

“ಮುಟ್ಟಿಸೀನ್ರಿ.”

“ಏನಂದ್ರು ಬಾಯಿ?”

“ಅಳಿಸಿದ್ದೇ ಛಲೋ ಆತು ಅಂದ್ರು. ಅರ್ಧ ಪುಸ್ತಕ ಇಟ್ಟಕೊಂಡು ಏನ ಮಾಡೂದದ ಅಂದ್ರು.”

ಮಡೆಪ್ಪ ಗಾದಿಯ ಮೇಲೆ ಪಕ್ಕಕ್ಕೆ ಸರಿದರು. “ಬರ್ರಿ, ಇಲ್ಲಿ ಕೂಡ್ರಿ. ಈಗ ನೀವೇ ನಮ್ಮವರು.” ಒಳಗೆ ಕೂಗಿ ಕಪ್ಪು-ಬಸಿಯಲ್ಲಿ ಚಹಾ ತರಿಸಿದರು.

ಇಷ್ಟು ವರ್ಷ ಕಾದ ಜಾಗ. ಮನ್ಮಥಪ್ಪ ಹೋಗಿ ಕೂತ. ಕೂತವನು ತಟ್ಟನೆ ಎದ್ದ.

“ಯಾಕ್ರಿ?”

“ಇಲ್ಲಿ... ಈಗ ಯಾರ ಕುಂತಿದ್ರು?”

“ಮುಂಜಾನಿಂದ ಯಾರೂ ಇಲ್ಲ. ಯಾಕ?”

ಗಾದಿ ಬೆಚ್ಚಗಿತ್ತು. ಆಗಷ್ಟೇ ಒಬ್ಬರು ಎದ್ದು ಹೋದಷ್ಟು ಬೆಚ್ಚಗೆ. ಮತ್ತೆ ಕೂತ. ಚಹಾ ಕುಡಿದ. ಗಾದಿಯ ಬಿಸಿ ಆರಲಿಲ್ಲ.

ಕೆಲಸ ಸಾಗಿತು. ಮನ್ಮಥಪ್ಪ ದಿನವೂ ಸಾಲೆ ಬಿಟ್ಟ ಮೇಲೆ ಬಂದು ಹಳದಿ ಕಾಗದದ ಮೇಲೆ ಬರೆಯುತ್ತಿದ್ದ. ಕೈ ತಿದ್ದಿಕೊಂಡು ಬರೆದರೂ ಚೇಳು ಚೇಳೇ. ಗಫೂರ ಅವನ್ನು ಕಲ್ಲಿಗೆ ಇಳಿಸಿ ಛಾಪುತ್ತಿದ್ದ. ಹನ್ನೊಂದು ಕಲ್ಲು ಮುಗಿದವು. ಖೋಲಿಗೆ ಹೋಗಲು ಬೇರೆ ಓಣಿ ಇತ್ತು, ದೂರದ್ದು. ಮನ್ಮಥಪ್ಪ ಆ ದಿನಗಳಲ್ಲಿ ಅದನ್ನೇ ಹಿಡಿದ.

ಉಳಿದದ್ದು ಹನ್ನೆರಡನೆಯ ಕಲ್ಲು. ನರಸಿಂಗರಾವನ ಕಡೆಯ ಪಾಠಕ್ಕೆಂದು ಬರಿದಾಗಿ ಇಟ್ಟಿದ್ದ ಕಲ್ಲು. ಅದಕ್ಕೆ ಮನ್ಮಥಪ್ಪ ತನ್ನ ಎಲ್ಲಕ್ಕಿಂತ ಒಳ್ಳೆಯ ಪಾಠ ಇಟ್ಟುಕೊಂಡಿದ್ದ. ಜೋಳದ ಹೊಲದ ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುವ ಹುಡುಗಿಯ ಪಾಠ. ಆ ಹುಡುಗಿ ಕಡೆಗೆ ಒಂದು ಗುಬ್ಬಿಗೆ ಗುರಿಯಿಟ್ಟು, ಕಲ್ಲು ಕೆಳಗೆ ಹಾಕುತ್ತಾಳೆ. ಮಡೆಪ್ಪನವರು ಅದನ್ನು ಓದಿದರು. ಮತ್ತೊಮ್ಮೆ ಓದಿದರು.

“ಇದು ಖರೇ ನೀವೇ ಬರದದ್ದೇನ್ರಿ, ಮಾಸ್ತರ್ರ?”

“ಮತ್ತ ಯಾರ ಬರೀತಾರ?”

“ಹಂಗಲ್ಲ... ಭಾಳ ಛಲೋ ಅದ.”

ಆ ಒಂದು ಮಾತಿಗೆ ಮನ್ಮಥಪ್ಪ ತೇಲಿದ. ಗಫೂರ ಅವನ ಎದುರಿಗೇ ಅಕ್ಷರವನ್ನು ಕಲ್ಲಿಗೆ ಇಳಿಸಿದ. ಒಂದೂ ಮುರಿಯಲಿಲ್ಲ. ಗೋಂದು ಸವರಿ, ಒದ್ದೆ ಅರಿವೆ ಮುಚ್ಚಿ, “ಮುಂಜಾನಿ ಛಾಪೂಣ” ಎಂದ. ಮಡೆಪ್ಪ ಬೀಗ ಹಾಕಿದರು. ಕೀಲಿ ಅವರ ಸೊಂಟಕ್ಕೆ ಹೋಯಿತು.

ಆ ಖುಷಿಯಲ್ಲಿ ಮನ್ಮಥಪ್ಪ ಹತ್ತಿರದ ದಾರಿ ಹಿಡಿದ.

ಆಲದ ಮರ ಬಂದಾಗ ನೆನಪಾಯಿತು. ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ಏನೂ ಕೇಳುತ್ತಿರಲಿಲ್ಲ. ತಿಕ್ಕುವ ಸದ್ದು ಇಲ್ಲ. ಧೈರ್ಯ ಬಂತು. ಕಟ್ಟೆಯ ಸಮಕ್ಕೆ ಬಂದ...

ಚಪ್. ಚಪ್. ಚಪ್.

ಮಸಿಯ ಉರುಳೆ. ಕಲ್ಲಿನ ಮೇಲೆ ಹೋಗುತ್ತ ಬರುತ್ತ.

ಕಿರ್ರ್...

ಛಾಪುವ ಯಂತ್ರದ ಹಿಡಿಕೆ. ಮಡೆಪ್ಪನವರ ಯಂತ್ರ ಹೀಗೇ ಕೂಗುತ್ತಿತ್ತು, ನಡುವೆ ಒಮ್ಮೆ ತಡೆದು. ಇದೂ ತಡೆಯಿತು.

ಆಮೇಲೆ ಬಹಳ ನಿಧಾನಕ್ಕೆ, ಕಲ್ಲಿನಿಂದ ಒಂದು ಹಾಳೆ ಸುಲಿದು ಬರುವ ಸದ್ದು.

ಚರ್ರ್... ರ್...

ಬಾವಿಯ ಬಾಯಿಗೆ ಹಸಿ ಮಸಿಯ ವಾಸನೆ ಬಂತು. ಮತ್ತೆ ಅದೇ ಎತ್ತರದಲ್ಲಿ, ಈ ಸಲ ಎಡಗಡೆ...

“ಕಡೀದು.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಕೆಲಸ ಮುಗಿಸಿದವರು ಹೇಳುವ ಹಾಗೆ ಇತ್ತು.

ಬೆಳಗ್ಗೆ ಮಡೆಪ್ಪ ಬೀಗ ತೆಗೆದರು. ಬೀಗ ಹಾಕಿದ ಹಾಗೇ ಇತ್ತು. ಗಫೂರ ಅರಿವೆ ಎತ್ತಿದ. ಕಲ್ಲು ಬರಿದಾಗಿತ್ತು. ಒಂದು ಅಕ್ಷರವಿಲ್ಲ, ಒಂದು ಚುಕ್ಕೆಯಿಲ್ಲ.

“ಯಾ ಅಲ್ಲಾ,” ಎಂದ ಗಫೂರ. “ನಿನ್ನಿ ನನ್ನ ಕೈಲೇ ಇಳಿಸೀನಿ, ಸಾವಕಾರ್ರ. ನೀವೂ ನೋಡೀರಿ.”

ಗೋಂದು ಕೆಟ್ಟಿದ್ದರೆ ಅಕ್ಷರ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಮಸಿಯಲ್ಲಿ ಜಿಡ್ಡು ಕಡಿಮೆಯಾದರೂ ನಿಲ್ಲುವುದಿಲ್ಲ. ಅಷ್ಟನ್ನು ಒಪ್ಪೋಣ. ಮನ್ಮಥಪ್ಪ ಹೊಸ ಮಸಿಯಲ್ಲಿ ಅದೇ ಪಾಠವನ್ನು ಮತ್ತೆ ಬರೆದ. ಕಾಗದವನ್ನು ಕಲ್ಲಿನ ಮೇಲೆ ಇಟ್ಟರು. ಒತ್ತಿದರು. ಎತ್ತಿದರು. ಅಕ್ಷರಗಳು ಕಾಗದದಲ್ಲೇ ಇದ್ದವು. ಕಲ್ಲಿಗೆ ಒಂದೂ ಇಳಿದಿರಲಿಲ್ಲ.

ಗಫೂರ ಕೈ ಒರೆಸಿಕೊಂಡ. “ಈ ಕಲ್ಲ ಒಲ್ಲೆ ಅಂತದ, ಸಾಬ. ನಾ ಇದಕ್ಕ ಮತ್ತ ಮುಟ್ಟಂಗಿಲ್ಲ.”

ಮಡೆಪ್ಪ ಕಲ್ಲನ್ನು ನೋಡುತ್ತಿರಲಿಲ್ಲ. ಮನ್ಮಥಪ್ಪನನ್ನು ನೋಡುತ್ತಿದ್ದರು.

“ಮಾಸ್ತರ್ರ, ಭಾಲ್ಕಿಗಿ ಖರೇ ಹೋಗಿದ್ರಿಲ್ಲೋ?”

“...ಹೋಗಿದ್ದೆನ್ರಿ.”

ಮರುದಿನ ಸಾಲೆ ತಪ್ಪಿಸಿ ರೈಲು ಹತ್ತಿದ. ಭಾಗೀರಥಿಬಾಯಿಯ ಕಾಲು ಹಿಡಿದು ಹಾಳೆ ಕಳೆದವು ಎಂದು ಹೇಳಿ ಬಿಡುವುದು. ಹೆಚ್ಚೆಂದರೆ ಬೈಯುತ್ತಾಳೆ. ಕಲ್ಲು ತನ್ನ ಪಾಠ ಹಿಡಿದರೆ ಸಾಕು. ದಾರಿಯುದ್ದ ಹಾಗೇ ಲೆಕ್ಕ ಹಾಕಿದ.

ಮನೆ ಸಿಕ್ಕಿತು. ಬಾಗಿಲು ತೆರೆದಿತ್ತು. ಭಾಗೀರಥಿಬಾಯಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

“ಯಾರ ಬೇಕಾಗಿತ್ರಿ?”

“ವೈನಿ, ನಾ ಬೀದರದಿಂದ... ಮಡೆಪ್ಪ ಸಾವಕಾರ್ರ ಛಾಪಖಾನಿಯಿಂದ ಬಂದೀನಿ.”

“ಹೌದೇನು? ಒಳಗ ಬರ್ರಿ.” ಮೊರ ಕೆಳಗಿಟ್ಟಳು. “ಸಾವಕಾರ್ರಿಗಿ ಹೇಳ್ರಿ, ಹಾಳಿ ಮುಟ್ಯಾವ. ಅವರು ಮಾತ ಉಳಿಸಿದ್ರು. ಆದರ ಒಂದ ಕೇಳ್ತೀನಿ, ಅಷ್ಟ ತೊಯ್ಸಿ ಯಾಕ ಕಳಿಸಿದ್ರಿ?”

ಮನ್ಮಥಪ್ಪ ಪಡಸಾಲೆಯ ಒಳಗೆ ನೋಡಿದ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ಅರಿವೆ ಒಣಹಾಕಿದ ಹಾಗೆ ಹಾಳೆಗಳು. ದುಂಡು ಅಕ್ಷರ. ನರಸಿಂಗರಾವನ ಅಕ್ಷರ.

“ಯಾರ... ಯಾರ ತಂದ ಕೊಟ್ರು, ವೈನಿ?”

“ಯಾರಿಗಿ ಗೊತ್ತು. ಹಿಂದ ಒಂದ ರಾತ್ರಿ ಬಾಗಿಲ ಬಡದಂಗಾತು. ತೆರದ ನೋಡಿದರ ಹೊಸ್ತಿಲದಾಗ ಸುರುಳಿ ಇತ್ತು. ನೀರ ಸೋರಕತ್ತಿತ್ತು. ಆಲದ ಎಲಿ ಒಂದು ಅಂಟಿತ್ತು. ಆರಿದ ಮ್ಯಾಲೂ ಹಗ್ಗದಿಂದ ತಗೀಲಿಕ್ಕ ಮನಸಾಗಿಲ್ಲ.” ಅವಳು ಹಗ್ಗದ ತುದಿಗೆ ಹೋದಳು. “ಈ ಕಡೀದಿಷ್ಟು ಹಿಂದಿನಿಂದ ಬಂತು. ಮೊನ್ನಿ ರಾತ್ರಿ. ಇದರ ಮಸಿ ಇನ್ನೂ ಕೈಗಿ ಹತ್ತತದ ನೋಡ್ರಿ.”

ಮನ್ಮಥಪ್ಪ ಹತ್ತಿರ ಹೋಗಲಿಲ್ಲ. ಹೋಗಬೇಕಾಗಿರಲಿಲ್ಲ. ಚೇಳುಗಳು ನಿಂತಲ್ಲಿಂದಲೇ ಕಾಣುತ್ತಿದ್ದವು.

“ಇದು ನಮ್ಮ ಮನಿಯವರ ಕೈ ಅಲ್ಲ,” ಎಂದಳು ಭಾಗೀರಥಿಬಾಯಿ. “ಯಾರೋ ಪಾಪ, ಅಕ್ಷರ ಸೊಟ್ಟ ಅವ. ಆದರ ಪಾಠ ಓದಿ ನೋಡ್ರಿ. ನನಗ ಓದಾಕ ಇವರೇ ಕಲಿಸ್ಯಾರ, ಇವರ ಮಾತ ನನಗ ಗೊತ್ತಾಗ್ತದ. ಕವಣಿ ಹಿಡದ ಹುಡುಗಿ... ಗುಬ್ಬಿಗಿ ಹೊಡೀಲಾರದ ಕಲ್ಲ ಕೆಳಗ ಒಗೀತಾಳ. ಇವರೇ ಜ್ವರದಾಗ ಹೇಳಿ ಯಾರ ಕೈಲೋ ಬರಿಸ್ಯಾರ. ಇವರಲ್ಲದ ಹಿಂಗ ಯಾರ ಬರೀತಾರ್ರಿ?”

ಮನ್ಮಥಪ್ಪ ಬಾಯಿ ತೆರೆದ. ಅದು ನನ್ನದು ಎನ್ನಬೇಕು. ಹಾಗೆಂದರೆ, ನಿಮ್ಮದು ಇಲ್ಲಿಗೆ ಹೇಗೆ ಬಂತು ಎಂದು ಕೇಳುತ್ತಾಳೆ. ಉಳಿದವು ಹೇಗೆ ತೊಯ್ದವು ಎಂದು ಕೇಳುತ್ತಾಳೆ.

ಬಾಯಿ ಮುಚ್ಚಿದ.

“ಚಹಾ ಮಾಡ್ಲೇನ್ರಿ?”

“ಬ್ಯಾಡ ವೈನಿ. ರೈಲ ಹೋಗ್ತದ.”

ಅವನ ಪುಸ್ತಕ ಜೂನಿನಲ್ಲಿ ಹೊರಬಂತು. ಮೇಲೆ ಅವನ ಹೆಸರಿದೆ. ಕಡೆಯ ಪಾಠ ಇಲ್ಲ. ಮಡೆಪ್ಪನವರು ಆಮೇಲೂ ಗಾದಿಯ ಮೇಲೆ ಸರಿದು ಜಾಗ ಮಾಡುತ್ತಿದ್ದರು. ಮನ್ಮಥಪ್ಪ ಬಾಕಿನ ಮೇಲೆಯೇ ಕೂಡುತ್ತಿದ್ದ. ಗ್ಲಾಸಿನಲ್ಲಿ ಚಹಾ ಕುಡಿದು ಎದ್ದು ಹೋಗುತ್ತಿದ್ದ. ಎರಡನೆಯ ಪುಸ್ತಕ ಬರೆಯಲಿಲ್ಲ.

ಇದನ್ನು ಸುಳ್ಳು ಅನ್ನುವವರು ಇದ್ದಾರೆ. ಅನ್ನಲಿ. ಮನ್ಮಥಪ್ಪ ನನಗೆ ಹೇಳಿದ ಮೇಲೆ ನಾನೂ ಒಂದು ಸಲ ಭಾಲ್ಕಿಗೆ ಹೋಗಿದ್ದೆ. ನಡೆದು ಬಹಳ ವರ್ಷ ಆಗಿತ್ತು. ಭಾಗೀರಥಿಬಾಯಿಗೆ ಕಣ್ಣು ಮಂಜಾಗಿತ್ತು, ಆದರೂ ಪೆಟ್ಟಿಗೆ ತೆಗೆದು ಹಾಳೆಗಳನ್ನು ಚಾಪೆಯ ಮೇಲೆ ಹರಡಿ ತೋರಿಸಿದಳು. ಒಂದೊಂದೇ ಎತ್ತಿ ನೋಡಿದೆ. ಎಲ್ಲವೂ ಒಣಗಿ ಗರಿಗರಿಯಾಗಿದ್ದವು. ಕಡೆಯದು ಮಾತ್ರ ಇನ್ನೂ ಹಸಿಯಾಗಿತ್ತು. ಮಸಿ ನನ್ನ ಹೆಬ್ಬೆರಳಿಗೆ ಹತ್ತಿತು.

ಮಡೆಪ್ಪನವರು ಎಣಿಸಿ ಕೊಟ್ಟದ್ದು ಹನ್ನೊಂದು. ನಾನು ಎಣಿಸಿದ್ದು ಹನ್ನೆರಡು.